ಸಹಾಯ ಬೇಕು: ಬ್ಲಿಟ್ಜ್ ಬಂದಾಗ ರಿಸೀವರ್ ಯಾವಾಗ ದಾರಿ ಬದಲಿಸಬೇಕು?

ಎಲ್ಲರಿಗೂ ನಮಸ್ಕಾರ. ನಾವು ಡಲ್ಲಾಸ್ ಹತ್ತಿರ ಇದ್ದೇವೆ, ಮಗ ಹೈಸ್ಕೂಲ್ ಅಮೆರಿಕನ್ ಫುಟ್‌ಬಾಲ್ ಟೀಮಿನಲ್ಲಿ ಸ್ಲಾಟ್ ರಿಸೀವರ್ (ಲೈನಿಗೂ ಅಂಚಿನ ರಿಸೀವರ್‌ಗೂ ನಡುವೆ ನಿಂತು, ಎಸೆದ ಚೆಂಡು ಹಿಡಿಯುವವನು). ನಾನು ಕ್ರಿಕೆಟ್ ನೋಡಿ ಬೆಳೆದವನು, ತಪ್ಪಿದ್ದರೆ ತಿದ್ದಿ.

ಬ್ಲಿಟ್ಜ್ ಅಂದರೆ ಎದುರಾಳಿ ಎಂದಿಗಿಂತ ಹೆಚ್ಚು ಜನರನ್ನು ಕ್ವಾರ್ಟರ್‌ಬ್ಯಾಕ್ (ಚೆಂಡು ಎಸೆಯುವವನು) ಮೇಲೆ ನುಗ್ಗಿಸುವುದು. ಲೆಕ್ಕ ಇಷ್ಟು ಅರ್ಥವಾಗಿದೆ. ನಮ್ಮ ಮುಂದಿನ ಸಾಲಿನ (ಲೈನ್) 5 ಜನ, ಜೊತೆಗೆ ರನ್ನಿಂಗ್ ಬ್ಯಾಕ್ (ಚೆಂಡು ಹಿಡಿದು ಓಡುವವನು), ಒಟ್ಟು 6 ಜನ ಕ್ವಾರ್ಟರ್‌ಬ್ಯಾಕನ್ನು ಕಾಯುತ್ತಾರೆ. ಎದುರಾಳಿಯ 7 ಜನ ನುಗ್ಗಿದರೆ ಒಬ್ಬನನ್ನು ತಡೆಯೋಕೆ ಯಾರೂ ಇಲ್ಲ. ಆಗ ರಿಸೀವರ್ ಉದ್ದದ ಓಟ ಬಿಟ್ಟು, ನುಗ್ಗಿದವನು ಖಾಲಿ ಮಾಡಿದ ಜಾಗಕ್ಕೆ ಸ್ಲಾಂಟ್ (ಒಳಗಡೆಗೆ ಓರೆಯಾದ ಚಿಕ್ಕ ಓಟ) ಓಡಬೇಕು, ಕ್ವಾರ್ಟರ್‌ಬ್ಯಾಕ್ ತಕ್ಷಣ ಎಸೆಯಬೇಕು. ಸರಿ ಅಲ್ವಾ?

ತೊಂದರೆ ಇಲ್ಲಿದೆ. ಕಳೆದ ಪಂದ್ಯದಲ್ಲಿ ಎದುರಿನ ಲೈನ್‌ಬ್ಯಾಕರ್ (ಅವರ ಮುಂದಿನ ಸಾಲಿನ ಹಿಂದೆ ನಿಲ್ಲುವ ಡಿಫೆಂಡರ್) ಈಗಲೇ ನುಗ್ಗುವವನ ಹಾಗೆ ಮುಂದೆ ಬಂದು ನಿಂತ, ಸ್ನ್ಯಾಪ್ (ಚೆಂಡು ಹಿಂದಕ್ಕೆ ಕೊಟ್ಟು ಆಟ ಶುರು) ಆದ ಕೂಡಲೇ ಹಿಂದಕ್ಕೆ ಸರಿದ, ನುಗ್ಗಿದ್ದು ಇನ್ನೊಂದು ಕಡೆಯ ಕಾರ್ನರ್ (ಅಂಚಿನ ರಿಸೀವರನ್ನು ಕಾಯುವ ಡಿಫೆಂಡರ್). ಮಗ ಸ್ಲಾಂಟ್ ಓಡಿದ, ಚೆಂಡು ನೇರ ಆ ಲೈನ್‌ಬ್ಯಾಕರ್ ಕೈಗೆ! ಇನ್ನೊಮ್ಮೆ ಕ್ವಾರ್ಟರ್‌ಬ್ಯಾಕ್ ಬ್ಲಿಟ್ಜ್ ಅಂದುಕೊಂಡು ಬೇಗ ಎಸೆದ, ಇವನು ಗಮನಿಸದೆ ಸುಮ್ನೆ ಮುಂದಕ್ಕೆ ಓಡುತ್ತಿದ್ದ. ಬೈಗುಳ ಮಾತ್ರ ಇಬ್ಬರಿಗೂ.

ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದೆವು, ಪೇಪರ್ ಮೇಲೆ ಬರೆದೆವು, ಊಟದ ಟೇಬಲ್ ಮೇಲೆ ಸ್ಟೀಲ್ ಲೋಟ ಜೋಡಿಸಿ ಕೂಡ ಆಡಿದೆವು. ಕೋಚ್‌ರನ್ನು ಕೇಳಿದರೆ ಸೇಫ್ಟಿಯನ್ನು (ಎಲ್ಲರಿಗಿಂತ ಹಿಂದೆ ನಿಲ್ಲುವ ಡಿಫೆಂಡರ್) ನೋಡು ಅಂತಾರೆ, ಅಷ್ಟೇ.

ಆಡಿದವರು ಯಾರಾದರೂ ಹೇಳಿ: ರಿಸೀವರ್ ಇದನ್ನು ಸ್ನ್ಯಾಪ್‌ಗೆ ಮೊದಲೇ ತೀರ್ಮಾನ ಮಾಡಬೇಕಾ, ಇಲ್ಲ ಮೊದಲ 2-3 ಹೆಜ್ಜೆ ಓಡುತ್ತಾ ನೋಡಿ ಬದಲಿಸಬೇಕಾ? ಅವನೂ ಕ್ವಾರ್ಟರ್‌ಬ್ಯಾಕೂ ಒಂದೇ ತೀರ್ಮಾನಕ್ಕೆ ಬರಬೇಕಾದರೆ ಇಬ್ಬರೂ ಕಣ್ಣಿಡಬೇಕಾದ್ದು ಯಾರ ಮೇಲೆ, ಲೈನ್‌ಬ್ಯಾಕರ್ ಮೇಲಾ, ಸೇಫ್ಟಿ ಮೇಲಾ?