ಊರಿನ ಮೊದಲ ಬಸ್ಸನ್ನು ಒಂದು ಗಂಟೆ ಮುಂಚೆ ಬಿಡಿಸಲು ಯಾರನ್ನು ಕೇಳಬೇಕು?

ಹೂವಿನ ಮನೆ:
ನಮ್ಮೂರು ಕುಂಬಳಗೋಡಿನಿಂದ ಒಳಗೆ. ಅಮ್ಮ ದಿನಾ ಕೆ.ಆರ್. ಮಾರ್ಕೆಟ್ಟಿಗೆ ಹೋಗಿ ಹೂವು ತರುತ್ತಾರೆ. ಐದು ಗಂಟೆಗೆ ಅಲ್ಲಿದ್ದರೆ ಒಳ್ಳೆ ಸೇವಂತಿಗೆ ಸಿಗುತ್ತದೆ. ಮೊದಲ ಬಸ್ಸು ಹೊರಡುವುದೇ 5:10ಕ್ಕೆ. ಚಲ್ಲಘಟ್ಟದಲ್ಲಿ ಮೆಟ್ರೋ ಹತ್ತೋಣ ಎಂದರೆ ನಾಲ್ಕು ಗಂಟೆಗೆ ಅದೂ ಇರುವುದಿಲ್ಲ. ಆ ಬಸ್ಸು ರಾತ್ರಿಯೆಲ್ಲಾ ನಮ್ಮೂರ ಅರಳಿಕಟ್ಟೆ ಹತ್ತಿರವೇ ನಿಂತಿರುತ್ತದೆ. ಅದನ್ನು ಮುಂಚೆ ಬಿಡುವುದು ಡ್ರೈವರ್ ಅಣ್ಣನ ಕೈಯಲ್ಲಿದೆಯಾ?

ಹಳೇ ಕಂಡಕ್ಟರ್:
ಇಲ್ಲಮ್ಮ. ನಾನು ಬೆಂಗಳೂರಿನ ಸಿಟಿ ಬಸ್ಸು ಇನ್ನೂ ಬಿಟಿಎಸ್ ಆಗಿದ್ದಾಗ ಸೇರಿದವನು. 1997ರಲ್ಲಿ ಬಿಎಂಟಿಸಿ ಆಯಿತು. ಇಂಥ ನೈಟ್ ಔಟ್ ಬಸ್ಸಿನಲ್ಲಿ ಎಷ್ಟೋ ರಾತ್ರಿ ಸೀಟಿನ ಮೇಲೆ ಮಲಗಿದ್ದೇನೆ. ಯಾವ ಬಸ್ಸು ಎಷ್ಟು ಹೊತ್ತಿಗೆ ಎಲ್ಲಿಂದ ಹೊರಡಬೇಕು, ಡ್ಯೂಟಿ ಎಲ್ಲಿ ಮುಗಿಯಬೇಕು, ಎಲ್ಲಾ ಫಾರಂ 4ರಲ್ಲಿ ಇರುತ್ತದೆ. ಅದೇ ಶೆಡ್ಯೂಲ್. ಒಂದು ಟ್ರಿಪ್ ಎಳೆದರೆ ಮಿಕ್ಕಿದ್ದೆಲ್ಲಾ ಜರುಗುತ್ತದೆ. ಆ ಬಸ್ಸು ವಾಪಸ್ ಬರುವ ಹೊತ್ತಿಗೆ ಸ್ಕೂಲ್ ಮಕ್ಕಳು ಕಾಯುತ್ತಿರುತ್ತಾರೆ, ಅಲ್ವಾ? ರಾತ್ರಿ ಹತ್ತೂವರೆಗೆ ಬಂದು ನಿಲ್ಲಿಸಿದವನನ್ನು ಮೂರೂವರೆಗೆ ಎಬ್ಬಿಸಬೇಕಾಗುತ್ತದೆ. ನಿದ್ದೆಗೆಟ್ಟ ಡ್ರೈವರ್ ಕೈಗೆ ಐವತ್ತು ಜನರನ್ನು ಕೊಡಬಾರದು ತಾಯಿ.

ಈ ಬಸ್ಸು ಬೇಡ, ಡಿಪೋದಿಂದ ಬೇರೆ ಬಸ್ಸು ಕೇಳಿ. ಅದು ನಿಮ್ಮೂರಿಗೆ ಖಾಲಿ ಬರಬೇಕು. ಅದನ್ನು ಡೆಡ್ ಕಿಲೋಮೀಟರ್ ಎನ್ನುತ್ತೇವೆ, ಡಿಪೋಗೆ ಅದು ಬರೀ ಖರ್ಚು. ಜನ ಇದ್ದಾರೆ ಎಂದು ತೋರಿಸಿದರೆ ಮಾತು ಮುಂದೆ ಹೋಗುತ್ತದೆ. ಯಾವ ಸ್ಟಾಪಿನಲ್ಲಿ ಎಷ್ಟು ಜನ ಎಂದು ಸಹಿ ಸಮೇತ ಡಿಪೋ ಮ್ಯಾನೇಜರಿಗೆ ಅರ್ಜಿ ಕೊಡಿ.

ಬನಶಂಕರಿ ಸೊಸೆ:
ಒಂದು ಮಾತು ಸೇರಿಸುತ್ತೇನೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಾಗ ನಮ್ಮತ್ತೆ, ಫ್ರೀ ತಾನೇ, ಸುಮ್ನೆ ಕಾಗದ ಯಾಕೆ ಎನ್ನುತ್ತಿದ್ದರು. ದಯವಿಟ್ಟು ಸೊನ್ನೆ ಟಿಕೆಟ್ ತಗೊಳ್ಳಿ. ಆ ಲೆಕ್ಕದ ಮೇಲೆಯೇ ಸರ್ಕಾರ ನಿಗಮಕ್ಕೆ ದುಡ್ಡು ಕೊಡುವುದು. ಟಿಕೆಟ್ ಮೆಷಿನ್ನಿನಲ್ಲಿ ನಿಮ್ಮೂರ ಹೆಂಗಸರು ಕಾಣದಿದ್ದರೆ ಬಸ್ಸು ಖಾಲಿ ಓಡಿದ ಹಾಗೆ.

ಹೂವಿನ ಮನೆ:
ಇವತ್ತು ಮನೆಮನೆಗೆ ಹೋಗಿ ಎಣಿಸಿದೆ. ಹೂವಿನವರು ಒಂಬತ್ತು, ಸೊಪ್ಪಿನವರು ಐದು, ಮಾರ್ಕೆಟ್ಟಿನಲ್ಲಿ ಮೂಟೆ ಹೊರುವವರು ಮೂರು. ಹದಿನೇಳು ಸಹಿ ಆಯಿತು. 4:10 ಎಂದು ಬರೆಯಲಾ ಅಂಕಲ್?

ಹಳೇ ಕಂಡಕ್ಟರ್:
ಬರೆಯಮ್ಮ. ವಾಪಸ್ ಬರುವಾಗ ಎಷ್ಟು ಮೂಟೆ ಇರುತ್ತದೆ ಅಂತಲೂ ಬರೆ. ಮೂಟೆಗೆ ಲಗೇಜ್ ಟಿಕೆಟ್ ಉಂಟು, ಡಿಪೋಗೆ ಅದೂ ವರಮಾನವೇ.