ಸಹಾಯ ಬೇಕು: ಬ್ರೇಕ್ ಈವನ್ ಲೆಕ್ಕದಲ್ಲಿ ಸಾಲದ ಅಸಲನ್ನು ಸೇರಿಸಬೇಕೇ?

ಎಲ್ಲರಿಗೂ ನಮಸ್ಕಾರ. ನಾನು ಉದ್ಯಮಶೀಲತೆ ಮತ್ತು ಸಣ್ಣ ಉದ್ಯಮ ನಿರ್ವಹಣೆಯ ಡಿಪ್ಲೊಮಾ ವಿದ್ಯಾರ್ಥಿ. ಸಣ್ಣ ತಯಾರಿಕಾ ಘಟಕವೊಂದರ ಯೋಜನಾ ವರದಿಯನ್ನು ಸಿದ್ಧಪಡಿಸುತ್ತಿದ್ದು, ಒಂದು ಕಡೆ ಮುಂದೆ ಹೋಗಲಾರದೆ ನಿಂತಿದ್ದೇನೆ.

ಘಟಕದ ತಿಂಗಳ ಸ್ಥಿರ ವೆಚ್ಚ 60,000. ಇದರಲ್ಲಿ ಸಾಲದ ಬಡ್ಡಿಯೂ ಯಂತ್ರದ ಸವಕಳಿ (ಬಳಕೆಯಿಂದ ಅದರ ಮೌಲ್ಯದಲ್ಲಿ ಆಗುವ ಇಳಿಕೆ) 10,000 ಕೂಡ ಸೇರಿವೆ. ಒಂದು ವಸ್ತುವಿನ ಮಾರಾಟ ಬೆಲೆ 100, ಅದರ ಬದಲಾಗುವ ವೆಚ್ಚ 60. ಹಾಗಾಗಿ ಪ್ರತಿ ವಸ್ತುವಿನಿಂದ ಉಳಿಯುವ 40ರಿಂದ ಭಾಗಿಸಿದರೆ, 1,500 ವಸ್ತುಗಳು ಮಾರಾಟವಾದಾಗ ಲಾಭವೂ ಇಲ್ಲ, ನಷ್ಟವೂ ಇಲ್ಲ; ಇದೇ ಬ್ರೇಕ್ ಈವನ್.

ಆದರೆ ಪ್ರತಿ ತಿಂಗಳೂ ಬ್ಯಾಂಕಿಗೆ ಬಡ್ಡಿಯ ಜೊತೆಗೆ 20,000 ಅಸಲನ್ನೂ ಕಟ್ಟಬೇಕು. ಅಸಲು ವೆಚ್ಚವಲ್ಲ, ಹೊಣೆಯ ತೀರುವಳಿ ಮಾತ್ರ. ಆದ್ದರಿಂದ ಅದು ಲಾಭ-ನಷ್ಟದ ಲೆಕ್ಕಕ್ಕೆ ಬರುವುದಿಲ್ಲ ಎಂಬುದು ನನಗೆ ತಿಳಿದಿದೆ. ಸವಕಳಿಯದು ಇದಕ್ಕೆ ವಿರುದ್ಧ: ಅದು ವೆಚ್ಚವೇ ಆದರೂ ಕೈಯಿಂದ ನಗದು ಹೋಗುವುದಿಲ್ಲ. ಸವಕಳಿಯನ್ನು ಕಳೆದು ಅಸಲನ್ನು ಕೂಡಿಸಿ ಲೆಕ್ಕ ಹಾಕಿದಾಗ 1,750 ವಸ್ತುಗಳು ಎಂಬ ಉತ್ತರ ಬಂತು. ಪಠ್ಯಪುಸ್ತಕದ ಉದಾಹರಣೆಗಳಲ್ಲಿ ಸಾಲದ ಪ್ರಸ್ತಾಪವೇ ಇಲ್ಲ. ಸಹಪಾಠಿಗಳ ಅಭಿಪ್ರಾಯಗಳೂ ಒಂದೇ ರೀತಿ ಇಲ್ಲ. 1,500 ಮಾರಿದ ತಿಂಗಳಲ್ಲಿ ಕಂತಿಗೆ ಹಣ ಸಾಲದೆಂದು ಗೊತ್ತಿದ್ದೂ ಆ ಸಂಖ್ಯೆಯೊಂದನ್ನೇ ಬರೆಯಲು ಮನಸ್ಸು ಒಪ್ಪುತ್ತಿಲ್ಲ.

ಯೋಜನಾ ವರದಿಯ ಬ್ರೇಕ್ ಈವನ್ ಭಾಗದಲ್ಲಿ 1,500 ಅನ್ನು ಮಾತ್ರ ತೋರಿಸಿ, ಅಸಲನ್ನು ನಗದು ಹರಿವಿನ ಪಟ್ಟಿಗೆ ಬಿಡಬೇಕೇ, ಅಥವಾ ಎರಡೂ ಸಂಖ್ಯೆಗಳನ್ನು ಅಲ್ಲಿಯೇ ಬೇರೆ ಬೇರೆ ಹೆಸರಿನಲ್ಲಿ ಕೊಡಬಹುದೇ? ಇಂತಹ ವರದಿಗಳನ್ನು ಬರೆದವರು ಅಥವಾ ಪರಿಶೀಲಿಸಿದವರು ದಯವಿಟ್ಟು ಕಾರಣಸಹಿತ ತಿಳಿಸಿ.