ಅಗಸಿ ಎಣ್ಣೆ ಹಚ್ಚಿದ ದೋಣಿಯ ಮೇಲೆ ಎಪಾಕ್ಸಿ ಲೇಪ ನಿಲ್ಲುತ್ತಿಲ್ಲ

ಪ್ರಶ್ನೆ (ಹಾವೇರಿ):
ವರದೆಯು ತುಂಗಭದ್ರೆಯನ್ನು ಕೂಡುವ ಗಳಗನಾಥದ ಬಳಿ ನಡೆಸಬೇಕೆಂಬ ಆಸೆಯಿಂದ 12 ಅಡಿ ಉದ್ದದ ಪ್ಲೈವುಡ್ ದೋಣಿಯೊಂದನ್ನು ಮನೆಯ ಅಂಗಳದಲ್ಲಿಯೇ ಕಟ್ಟಿದ್ದೇನೆ. ಹೊಸ ಬಾಗಿಲಿಗೆ ಹಚ್ಚುವಂತೆ ಹೊರಮೈಗೆ ಅಗಸಿ ಎಣ್ಣೆಯನ್ನು ಒರೆಸಿ, ಹದಿನೈದು ದಿನ ಒಣಗಿಸಿ, ಬಳಿಕ ಎರಡು ಕೈ ಎಪಾಕ್ಸಿ (ಗಟ್ಟಿಕಾರಕವೆಂಬ ಇನ್ನೊಂದು ದ್ರವ ಬೆರೆಸಿದಾಗ ಗಟ್ಟಿಯಾಗುವ ಅಂಟು ರಾಳ) ಹಚ್ಚಿದೆ. ಈಗ ಉಗುರಿನಿಂದ ಎಬ್ಬಿಸಿದರೂ ಲೇಪವು ಹಾಳೆಯಂತೆ ಏಳುತ್ತಿದೆ. ಎಣ್ಣೆ ಮುಟ್ಟಿಸದ ಒಳಮೈಯಲ್ಲಿ ಲೇಪ ಗಟ್ಟಿಯಾಗಿದೆಯಾದರೂ ಸಾಸಿವೆ ಕಾಳಿನಷ್ಟು ಗುಳ್ಳೆಗಳು ತುಂಬಿವೆ. ಇನ್ನೊಂದು ಕೈ ಹಚ್ಚಿದರೆ ಸರಿಹೋದೀತೇ?

ಉತ್ತರ (ಧಾರವಾಡ):
ದಯವಿಟ್ಟು ಹಚ್ಚಬೇಡಿ. ಹೊರಮೈಯ ಎಪಾಕ್ಸಿ ಕುಳಿತಿರುವುದು ಮರದ ಮೇಲಲ್ಲ, ಎಣ್ಣೆಯ ಪದರದ ಮೇಲೆ. ಎಷ್ಟು ಕೈ ಹೆಚ್ಚಿಸಿದರೂ ಅದು ಎಣ್ಣೆಯನ್ನೇ ಹಿಡಿದಿರುತ್ತದೆ. ಏಳುವ ಲೇಪವನ್ನೆಲ್ಲ ಕೆರೆದು ತೆಗೆದು, ಒರಟು ಮರಳು ಕಾಗದದಿಂದ ಎಣ್ಣೆ ಇಳಿದಷ್ಟು ಆಳದವರೆಗೆ ಉಜ್ಜಬೇಕು, ಆದರೆ ಪ್ಲೈವುಡ್ಡಿನ ಮೇಲ್ಪದರ ಬಹಳ ತೆಳುವಾಗಿರುವುದರಿಂದ ಕೆಳಗಿನ ಅಡ್ಡ ಎಳೆ ಕಾಣಿಸಿದ ಕೂಡಲೇ ಕೈ ನಿಲ್ಲಿಸಬೇಕು. ನಂತರ ಸಣ್ಣ ಬಟ್ಟೆಯ ಪಟ್ಟಿಯೊಂದನ್ನು ಎಪಾಕ್ಸಿಯಿಂದ ಅಂಟಿಸಿ, ಪೂರ್ತಿ ಗಟ್ಟಿಯಾದ ಮೇಲೆ ಕಿತ್ತು ನೋಡಿ. ಪಟ್ಟಿಯ ಜೊತೆ ಮರದ ನಾರು ಬಂದರೆ ಮೈ ಸಿದ್ಧವಾಗಿದೆ. ನುಣ್ಣಗೆ ಬಂದರೆ ಇನ್ನೂ ಉಜ್ಜಬೇಕು.

ಒಳಮೈಯ ಗುಳ್ಳೆಗಳ ಕಾರಣವೇ ಬೇರೆ. ನೀವು ಬೆಳಿಗ್ಗೆ ಹಚ್ಚಿರಬೇಕು. ಬಿಸಿಲೇರಿದಂತೆ ಮರದ ರಂಧ್ರಗಳಲ್ಲಿರುವ ಗಾಳಿ ಹಿಗ್ಗಿ, ಇನ್ನೂ ಹಸಿಯಾಗಿರುವ ಲೇಪವನ್ನು ಮೇಲಕ್ಕೆ ನೂಕುತ್ತದೆ. ಮಧ್ಯಾಹ್ನ ಕಾದ ಮರ ಸಂಜೆ ತಣಿಯುವಾಗ ನೆರಳಿನಲ್ಲಿ ಹಚ್ಚಿದರೆ ಅದೇ ಗಾಳಿ ಕುಗ್ಗುತ್ತ ಲೇಪವನ್ನು ಒಳಗೆಳೆದುಕೊಳ್ಳುತ್ತದೆ. ಈಗಿರುವ ಗುಳ್ಳೆಗಳನ್ನು ಉಜ್ಜಿ ಒಡೆದು ಮತ್ತೊಂದು ಕೈ ಕೊಟ್ಟರೆ ಸಾಕು. ಉಜ್ಜುವ ಮೊದಲು ಮೈಯನ್ನು ನೀರು ಹಾಕಿ ತಿಕ್ಕಿ ತೊಳೆಯುವುದನ್ನು ಮರೆಯಬೇಡಿ. ಎಪಾಕ್ಸಿ ಗಟ್ಟಿಯಾಗುವಾಗ ಮೇಲೇಳುವ ಮೇಣದಂಥ ಜಿಡ್ಡು ನೀರಿಗೆ ಹೋಗುತ್ತದೆ, ತೊಳೆಯದೆ ಬರೀ ಮರಳು ಕಾಗದದಿಂದ ತಿಕ್ಕಿದರೆ ಮೈಗೆಲ್ಲ ಹರಡುತ್ತದೆ.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ: ಅಗಸಿ ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಯಲ್ಲಿ ಇಟ್ಟಿದ್ದರೆ ಇಂದೇ ನೀರಿನಲ್ಲಿ ನೆನೆಸಿ. ಆ ಎಣ್ಣೆ ಒಣಗುವಾಗ ಕಾವು ಹುಟ್ಟಿ ಬಟ್ಟೆ ತಾನಾಗಿಯೇ ಹೊತ್ತಿಕೊಳ್ಳಬಲ್ಲದು.

ಪ್ರಶ್ನೆ (ಹಾವೇರಿ):
ನೀವು ಹೇಳಿದಂತೆ ಬೆಳಿಗ್ಗೆಯೇ ಹಚ್ಚಿದ್ದೆ. ಬಟ್ಟೆಗಳನ್ನು ನೆನೆಸಿದೆ. ಹೊರಮೈಯನ್ನು ಉಜ್ಜಿ ಮುಗಿಸಿದ್ದು, ಮೂರು ಕಡೆ ಅಂಟಿಸಿದ ಪಟ್ಟಿಗಳಲ್ಲಿ ಎರಡು ನಾರಿನೊಂದಿಗೆ ಬಂದವು; ಹಲಗೆಯ ಅಂಚಿನ ಹತ್ತಿರದ್ದು ಮಾತ್ರ ನುಣ್ಣಗೆ ಬಂದಿತು.

ಉತ್ತರ (ಧಾರವಾಡ):
ಅಂಚಿನಲ್ಲಿ ಎಳೆಗಳ ಬಾಯಿ ತೆರೆದಿರುವುದರಿಂದ ಎಣ್ಣೆ ಅಲ್ಲಿ ಹೆಚ್ಚು ಆಳಕ್ಕೆ ಇಳಿದಿರುತ್ತದೆ. ಅಂಚನ್ನು ಒಂದೆರಡು ಮಿಲಿಮೀಟರ್ ಉಜ್ಜುಗೊರಡಿನಿಂದ ಹೆರೆದು ಮತ್ತೆ ಪಟ್ಟಿ ಅಂಟಿಸಿ ನೋಡಿ. ನೀರು ಕುಡಿಯುವುದೂ ಮೊದಲು ಅದೇ ಬಾಯಿಯಿಂದಲೇ ಆದ್ದರಿಂದ, ಅಲ್ಲಿ ಎಪಾಕ್ಸಿಯನ್ನು ಹೀರುವಷ್ಟು ಕುಡಿಸಿ, ಆ ಬಳಿಕವೇ ಇಡೀ ಮೈಗೆ ಮೂರು ಕೈ ಕೊಡಿ. ಗಟ್ಟಿಕಾರಕವನ್ನು ಡಬ್ಬಿಯ ಮೇಲಿರುವ ಪ್ರಮಾಣದಲ್ಲಿಯೇ ಬೆರೆಸಿ. ಹೆಚ್ಚು ಹಾಕಿದರೆ ಬೇಗ ಒಣಗುವುದಿಲ್ಲ, ಅಂಟಾಗಿಯೇ ಉಳಿಯುತ್ತದೆ.

ಎಪಾಕ್ಸಿಯನ್ನು ಬಿಸಿಲಿಗೆ ಬರಿದಾಗಿ ಬಿಟ್ಟರೆ ಅದು ಹಳದಿಯಾಗಿ ಪುಡಿಯಾಗುತ್ತದೆ. ಮೇಲೆ ಎರಡು ಭಾಗ ಬೆರೆಸುವ ಪಾಲಿಯುರೆಥೇನ್ ಬಣ್ಣವನ್ನು, ಆದಷ್ಟು ಬಿಳಿ ಅಥವಾ ತಿಳಿ ಬಣ್ಣದ್ದನ್ನೇ, ಹಚ್ಚಿ. ಬಾಗಿಲು ಕಿಟಕಿಗಳ ಎನಾಮೆಲ್ ಕೆಲವೊಮ್ಮೆ ಎಪಾಕ್ಸಿಯ ಮೇಲೆ ಒಣಗುವುದೇ ಇಲ್ಲ.